ಮುಡಿ ಅಕ್ಕಿ ಹೋದ ದಾರಿ

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಂದವರು ಕತ್ತೆತ್ತಿ ಕಂಬಗಳನ್ನು ನೋಡುತ್ತಾ ಒಳಗೆ ನಡೆದುಬಿಡುತ್ತಾರೆ. ಭೈರಾದೇವಿ ಮಂಟಪದ ಎದುರು ಒಂದು ಗಳಿಗೆ ಬಗ್ಗಿ, ಬುಡದ ಕಲ್ಲಿನ ಪಟ್ಟಿಯನ್ನೂ ನೋಡಬೇಕು. ಅಲ್ಲಿನ ಕೆತ್ತನೆಗಳ ನಡುವೆ ಉದ್ದ ಕತ್ತಿನ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಘಟ್ಟದ ಬುಡದ ಕಾಡಿನಲ್ಲಿ ಹುಲಿ, ಕಾಟಿ ಕಂಡವರುಂಟು, ಜಿರಾಫೆಯನ್ನು ಕಂಡವರಿಲ್ಲ. ಕಂಡವರ ಬಾಯಿಂದ ಕೇಳಿಯೋ, ಯಾರೋ ಬರೆದು ತೋರಿಸಿದ್ದನ್ನು ನೋಡಿಯೋ ಶಿಲ್ಪಿ ಉಳಿ ಹಿಡಿದಿರಬೇಕು. ಬಸದಿ ಎದ್ದದ್ದು 1430ರಲ್ಲಿ, ಈ ಮಂಟಪ ಅದಾಗಿ ಎರಡು ದಶಕದ ಮೇಲೆ. ಊರಿನಿಂದ ಕಡಲು ಕಾಣುವುದಿಲ್ಲ. ಆದರೂ ಕಡಲಾಚೆಯ ಪ್ರಾಣಿ ಇಲ್ಲಿನ ಕಲ್ಲಿಗೆ ಬಂದು ನಿಂತಿದೆ.

ಅದೇ ಕಾಲದಲ್ಲಿ ಒಬ್ಬ ರಾಯಭಾರಿ ಈ ಕಡೆ ಹಾದುಹೋದ. ಹೆರಾತಿನ ಸುಲ್ತಾನ ಶಾರೂಖ್ ಕಳಿಸಿದ ಅಬ್ದುಲ್ ರಜಾಕ್. 1442ರಲ್ಲಿ ಹೊರ್ಮುಜ್ ಬಿಟ್ಟವನು ಹಂಗಾಮು ತಪ್ಪಿದ್ದರಿಂದ ಮಸ್ಕತ್‌ನಲ್ಲಿ ಸಿಕ್ಕಿಕೊಂಡ, ಸೆಖೆಯಲ್ಲಿ ಬೆಂದ, ಕಾಯಿಲೆ ಬಿದ್ದ. ಕೊನೆಗೆ ಒಮಾನಿನ ಕಲ್ಹಾತ್ ರೇವಿನಿಂದ ಹೊರಟ ಹಡಗು ಹದಿನೆಂಟು ದಿನಗಳಲ್ಲಿ ಕಲ್ಲಿಕೋಟೆ ಮುಟ್ಟಿತು. ಅಲ್ಲಿಂದ ಮಂಗಳೂರು, ಮಂಗಳೂರಿನಿಂದ ನೆಲದ ದಾರಿಯಲ್ಲಿ ಘಟ್ಟ ಹತ್ತಿ ವಿಜಯನಗರ. ಆ ಹದಿನೆಂಟು ದಿನದ ಲೆಕ್ಕವನ್ನು ಗಮನಿಸಬೇಕು. ಗಾಳಿ ಸರಿಯಿದ್ದರೆ ಒಮಾನ್ ನಮಗೆ ಉತ್ತರ ಭಾರತದ ಎಷ್ಟೋ ಪಟ್ಟಣಗಳಿಗಿಂತ ಹತ್ತಿರವಿತ್ತು. ನಡುವೆ ನೀರಿದ್ದರೂ ಅದು ನೆರೆಮನೆಯೇ.

ಈ ನೆರೆಮನೆಗೆ ನಾವು ಕೊಟ್ಟದ್ದೇನು ಎಂಬುದನ್ನು ತಿಳಿಯಲು ಬಂಟ್ವಾಳಕ್ಕೆ ಬರಬೇಕು. ಜೋಡುಮಾರ್ಗದ ಗದ್ದಲ ದಾಟಿ ಹಳೆಯ ಪೇಟೆಗಿಳಿದರೆ ಇಕ್ಕಟ್ಟಾದ ಬೀದಿ, ಮುಂದೆ ಜಗುಲಿ ಇರುವ ಹಂಚಿನ ಅಂಗಡಿಗಳು, ಅವುಗಳ ಬೆನ್ನಿಗೆ ನೇತ್ರಾವತಿ. 1923ರ ನೆರೆ, 1974ರ ನೆರೆ ಎಂದು ಇಲ್ಲಿನ ಹಿರಿಯರು ಕಾಲವನ್ನೇ ನೀರಿನಿಂದ ಅಳೆಯುತ್ತಾರೆ. ಮುಳುಗುತ್ತದೆಂದು ಗೊತ್ತಿದ್ದೂ ಪೇಟೆಯನ್ನು ಹೊಳೆಯ ಬದಿಗೇ ಕಟ್ಟಿದ್ದು ಯಾಕೆಂದರೆ ಹೊಳೆಯೇ ಅದರ ಹೆದ್ದಾರಿ. ಚಾರ್ಮಾಡಿ ಇಳಿದು ಬರುವ ಘಟ್ಟದ ಸರಕು ಒಂದು ಕಡೆಯಿಂದ, ಸುತ್ತಿನ ಬೈಲುಗಳ ಅಕ್ಕಿ ಇನ್ನೊಂದು ಕಡೆಯಿಂದ. ಎಲ್ಲವೂ ಬಂಟ್ವಾಳ, ಪಾಣೆಮಂಗಳೂರುಗಳಲ್ಲಿ ದೋಣಿಗೆ ಏರಿ, ಫರಂಗಿಪೇಟೆಯನ್ನು ಹಾದು ಮಂಗಳೂರಿನ ಬಂದರಕ್ಕೆ ಇಳಿಯುತ್ತಿತ್ತು.

1801ರಲ್ಲಿ ಇದೇ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಗೆ ಹೋಗುವ ಸರಕುಗಳಲ್ಲಿ ಅಕ್ಕಿಗೆ ಮೊದಲ ಸ್ಥಾನ ಕೊಟ್ಟಿದ್ದಾನೆ. ಅದು ಹೋಗುತ್ತಿದ್ದ ಊರುಗಳ ಸಾಲಿನಲ್ಲಿ ಗೋವಾ, ಮುಂಬಯಿ, ಮಲಬಾರುಗಳ ಜೊತೆ ಮಸ್ಕತ್ ಇದೆ. ಅದಕ್ಕೂ ಮೊದಲು, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕರಾವಳಿಯ ಅರಸರಿಂದ ಕಪ್ಪವಾಗಿ ಕೇಳಿದ್ದೂ ಅಕ್ಕಿಯನ್ನೇ. ಚೌಟರು, ಬಂಗರು, ಅಜಿಲರು ಆಳಿದ ಬೈಲುಗಳಲ್ಲಿ ಬೆಳೆದದ್ದು ಮರಳುಗಾಡಿನ ಅಂಚಿನ ಬಂದರುಗಳಲ್ಲಿ ಬೇಯುತ್ತಿತ್ತು.

ಆ ಅಕ್ಕಿ ಹೋಗುತ್ತಿದ್ದ ಕಟ್ಟು ನಮ್ಮ ಮುಡಿ. ಈಗ ಅದನ್ನು ಕಟ್ಟಬಲ್ಲವರು ಹಳ್ಳಿಗೊಬ್ಬರೋ ಇಬ್ಬರೋ. ಅಂಗಳದಲ್ಲಿ ಬೈಹುಲ್ಲನ್ನು ಸುತ್ತಲೂ ಹರಡಿ ನಡುವೆ ಅಕ್ಕಿ ಸುರಿಯುತ್ತಾರೆ. ಹುಲ್ಲಿನ ತುದಿಗಳನ್ನು ಮೇಲೆತ್ತಿ ಕೂಡಿಸಿ, ಹುಲ್ಲಿನದೇ ಹಗ್ಗದಿಂದ ಸುತ್ತಿನ ಮೇಲೆ ಸುತ್ತು ಬಿಗಿಯುತ್ತಾರೆ. ಒಬ್ಬ ಹಗ್ಗ ಎಳೆದು ಹಿಡಿದರೆ ಇನ್ನೊಬ್ಬ ಮರದ ತುಂಡಿನಿಂದ ಬಡಿದು ಬಡಿದು ಗುಂಡಗೆ ಮಾಡುತ್ತಾನೆ. ಕೆಲಸ ಮುಗಿದಾಗ ಒಂದು ಕಾಳೂ ಹೊರಗೆ ಇಣುಕಬಾರದು. ನೆಲದ ಮೇಲೆ ಉರುಳಿಸಿದರೂ ಬಿಚ್ಚಬಾರದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಒಡೆಯನಿಗೆ ಅಳೆಯುತ್ತಿದ್ದ ಗೇಣಿಯೂ ಇದೇ ಮುಡಿಯ ಲೆಕ್ಕದಲ್ಲಿ. ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಒಕ್ಕಲಿನ ಮನೆಯಲ್ಲಿ ಮಳೆಗಾಲಕ್ಕೆ ಗಂಜಿಗೂ ತತ್ವಾರವಿದ್ದಾಗ ಬಂದರದಲ್ಲಿ ಮುಡಿಗಳ ರಾಶಿ ಬಿದ್ದಿರುತ್ತಿತ್ತು. ಕಡಲ ವ್ಯಾಪಾರದ ವೈಭವ ಹೇಳುವಾಗ ಇದನ್ನು ಬಿಟ್ಟು ಹೇಳುವುದು ನ್ಯಾಯವಲ್ಲ.

ಬೆಳ್ತಂಗಡಿಯ ಕಡೆ ಹೋಗುತ್ತಾ ಗುರುವಾಯನಕೆರೆ ದಾಟಿದರೆ ಗಡಾಯಿಕಲ್ಲು ಎದುರಾಗುತ್ತದೆ. ಒಂದೇ ಬಂಡೆ, ಮಳೆಗಾಲದಲ್ಲಿ ಅರ್ಧ ಮೋಡದೊಳಗೆ. ಇದರ ನೆತ್ತಿಯಲ್ಲಿ ಟಿಪ್ಪು ಸುಲ್ತಾನ 1794ರಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ. ಟಿಪ್ಪುವಿನ ಬಗ್ಗೆ ಈ ನಾಡಿನಲ್ಲಿ ನೋವಿನ ನೆನಪುಗಳಿವೆ, ಅವು ಸುಳ್ಳಲ್ಲ. ವ್ಯಾಪಾರದ ಪುಟವೂ ಅಷ್ಟೇ ನಿಜ. ಆತ ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ತೆರೆದ. ಅದನ್ನು ನೋಡಿಕೊಳ್ಳುತ್ತಿದ್ದ ದರೋಗನಿಗೆ ಪತ್ರದ ಮೇಲೆ ಪತ್ರ ಬರೆದು ರೇಷ್ಮೆ ಹುಳ ಕಳಿಸು, ಕೇಸರಿಯ ಬೀಜ ಕಳಿಸು ಎಂದು ಕೇಳಿದ. ಒಮಾನಿನ ವರ್ತಕರಿಗೆ ನಮ್ಮ ಬಂದರಗಳಲ್ಲಿ ಸುಂಕದ ರಿಯಾಯಿತಿ ಇತ್ತು. ಅಲ್ಲಿಗೆ ಊಟಕ್ಕೆ ಅಕ್ಕಿ ಬೇಕಿತ್ತು, ಇಲ್ಲಿಗೆ ಹೊರಗಿನ ವ್ಯಾಪಾರ ಬೇಕಿತ್ತು. ಈ ಸ್ನೇಹ ಬಾಳಿದ್ದು ಹೀಗೆ, ಒಬ್ಬರಿಗಿಲ್ಲದ್ದು ಇನ್ನೊಬ್ಬರಲ್ಲಿ ಇದ್ದುದರಿಂದ. ಅದಕ್ಕೂ ಹಿಂದೆ ಮುರಿದದ್ದೂ ಉಂಟು. ಪೋರ್ಚುಗೀಸರು ಅರಬರ ವ್ಯಾಪಾರಕ್ಕೆ ಅಡ್ಡಗಟ್ಟಿದ ಸಿಟ್ಟಿಗೆ ಅರಬರು 1695ರಲ್ಲಿ ಮಂಗಳೂರಿಗೆ ಬೆಂಕಿಯಿಟ್ಟರು. ಮೂರನೆಯವನೊಬ್ಬ ಕಡಲಿಗೆ ಬೇಲಿ ಹಾಕಿದಾಗ ಉರಿದದ್ದು ನಮ್ಮ ಊರು.

ಇಂದು ತುಂಬೆಯ ಅಣೆಕಟ್ಟು ಮಂಗಳೂರಿಗೆ ಕುಡಿಯುವ ನೀರು ಹಿಡಿದಿಟ್ಟಿದೆ, ದೋಣಿದಾರಿ ಮುಚ್ಚಿದೆ. ಗೇಣಿ ಹೋಯಿತು, ಒಕ್ಕಲು ಒಡೆಯನಾದ. ಆ ಮೇಲೆ ಬೈಲಿನ ಗದ್ದೆಗಳಿಗೆ ಅಡಕೆ ಇಳಿಯಿತು, ಗುಡ್ಡಕ್ಕೆ ರಬ್ಬರ್ ಹತ್ತಿತು. ಅಕ್ಕಿಯ ಬದಲು ಈಗ ಮಕ್ಕಳು ಹೋಗುತ್ತಾರೆ. ಬೆಳ್ತಂಗಡಿಯ ಬಸ್ಸಿನಲ್ಲಿ ಪಕ್ಕದವರನ್ನು ಮಾತಾಡಿಸಿದರೆ "ಮಗ ಮಸ್ಕತ್‌ನಲ್ಲಿದ್ದಾನೆ ಮಾರಾಯ್ರೆ" ಎಂಬ ಉತ್ತರ ಅಪರೂಪವಲ್ಲ. 1970ರವರೆಗೆ ಒಮಾನಿನಲ್ಲಿ ನಡೆಯುತ್ತಿದ್ದ ನಾಣ್ಯವೂ ರೂಪಾಯಿಯೇ ಎಂದರೆ ಇಂದಿನ ಹುಡುಗರು ನಂಬುವುದಿಲ್ಲ.

2025ರ ಡಿಸೆಂಬರ್ 18ರಂದು ಮಸ್ಕತ್‌ನಲ್ಲಿ ಭಾರತ ಮತ್ತು ಒಮಾನ್ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದಕ್ಕೆ ಸಹಿ ಹಾಕಿದವು. 1953ರ ಸ್ನೇಹ ಒಪ್ಪಂದದ ನಂತರ ಈ ಎರಡು ದೇಶಗಳ ನಡುವಿನ ದೊಡ್ಡ ಹೆಜ್ಜೆ ಇದು. ತನ್ನ ಸುಂಕದ ಪಟ್ಟಿಯ ಶೇಕಡಾ 98ರಷ್ಟು ಬಾಬುಗಳಿಗೆ ಒಮಾನ್ ಸುಂಕ ತೆಗೆಯಲು ಒಪ್ಪಿದೆ. ಅಲ್ಲಿಂದ ಬರುವ ಖರ್ಜೂರಕ್ಕೆ ಭಾರತ ಇಷ್ಟೇ ಪ್ರಮಾಣವೆಂದು ಮಿತಿ ಹಾಕಿ ರಿಯಾಯಿತಿ ಕೊಟ್ಟಿದೆ. ಕಂಪನಿಗಳು ಕಳಿಸುವ ಪರಿಣತರಿಗೆ, ವೃತ್ತಿಪರರಿಗೆ ಅಲ್ಲಿ ಹೆಚ್ಚು ಕಾಲ ಇರುವ ಅವಕಾಶವೂ ಇದೆ. ಇದನ್ನು ಮನಸ್ಸಾರೆ ಸ್ವಾಗತಿಸುತ್ತೇನೆ. ಆದರೆ ಒಪ್ಪಂದವನ್ನು ಬಂದರದ ಕಡೆಯಿಂದ ಓದುವುದು ಬೇರೆ, ಹೊಳೆಯ ಮೇಲ್ದಂಡೆಯಿಂದ ಓದುವುದು ಬೇರೆ. ಮೂಡುಬಿದಿರೆಯ ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಹೆಂಗಸಿಗೆ, ಬಂಟ್ವಾಳದ ಅಕ್ಕಿ ಮಿಲ್ಲಿನ ಕೂಲಿಗೆ ಸುಂಕ ಇಳಿದ ಲಾಭದ ಪಾಲು ತಲುಪುವ ದಾರಿ ಯಾವುದು? ಮಸ್ಕತ್‌ನಲ್ಲಿ ಡ್ರೈವರ್, ಅಡುಗೆಯವ, ಗಾರೆ ಕೆಲಸದವನಾಗಿ ಇರುವ ಬೆಳ್ತಂಗಡಿಯ ಹುಡುಗ ವೃತ್ತಿಪರರ ಆ ಪಟ್ಟಿಯಲ್ಲಿಲ್ಲ. ಹತ್ತನೆಯ ತರಗತಿ ಮುಗಿಸದೆ ಹೊರಟವನಾದರೆ ಅವನ ಕಾಗದಪತ್ರ ಇಂದಿಗೂ 1983ರ ವಲಸೆ ಕಾಯ್ದೆಯ ಅನುಮತಿಗೆ ಕಾಯಬೇಕು. ಅವನ ಸಂಬಳ ತಡವಾದರೆ, ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲೇ ಉಳಿದರೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಊರಿನಲ್ಲಿರುವ ಅವನ ತಾಯಿಗೆ ಅವಳ ಭಾಷೆಯಲ್ಲಿ ತಿಳಿಸುವ ಒಂದು ಮೇಜು ತಾಲ್ಲೂಕು ಕಚೇರಿಯಲ್ಲಾದರೂ ಇರಬೇಕು. ಒಪ್ಪಂದದ ಮುಂದಿನ ಪರಿಶೀಲನೆಗೆ ದೆಹಲಿಯ ಅಧಿಕಾರಿಗಳು ಕೂರುವ ಮೊದಲು ನಮ್ಮ ಸಂಸದರು, ಶಾಸಕರು ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಎಂಬ ಈ ಮೂರು ತಾಲ್ಲೂಕುಗಳಿಂದ ಒಯ್ಯಬೇಕಾದ ಮನವಿ ಅದು.