ಹೊಸ ಗಿಳಿಗೆ ಪಂಜರ: ಮೊದಲು ಯಾವ ಗಿಳಿ ಅಂತ ನೋಡ್ಕೊಳ್ಳಿ

ಸಂಕ್ರಾಂತಿ ಕಳೆದ ಮೇಲೆ ನನ್ನ ಫೋನಿಗೆ ಒಂದೇ ಥರದ ಫೋಟೊಗಳು ಬರೋಕೆ ಶುರು. ಸುಳಿ ಒಣಗಿದ ತೆಂಗಿನ ಮರ ಕಡಿದಿರ್ತಾರೆ, ಪೊಟರೆಯಲ್ಲಿ ಪುಕ್ಕ ಬಲಿಯದ ಎರಡೋ ಮೂರೋ ಗಿಳಿಮರಿ ಸಿಕ್ಕಿರ್ತವೆ. ಕೆಳಗೆ ಒಂದು ಸಾಲು: "ಅಣ್ಣಾ, ಇವಕ್ಕೆ ಪಂಜರ ಯಾವ ಸೈಜ್ ಮಾಡಿಸ್ಬೇಕು?"

ಅಳತೆ ಆಮೇಲೆ ಹೇಳ್ತೀನಿ. ನಮ್ಮ ತೋಟದ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕುವ ಹಾಗೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಅದು ಎರಡನೇ ಅನುಸೂಚಿಯಲ್ಲಿದೆ. ಹಿಡಿಯೋದು, ಮಾರೋದು, ಕೊಳ್ಳೋದು, ಪಂಜರದಲ್ಲಿ ಇಟ್ಕೊಳ್ಳೋದು ಎಲ್ಲವೂ ಅಪರಾಧ. ಜೈಲು, ದಂಡ ಎರಡಕ್ಕೂ ಅವಕಾಶ ಇದೆ. ನಮ್ಮಜ್ಜಿ ಮನೇಲಿ ಇತ್ತು, ಗಿಣಿಶಾಸ್ತ್ರದವನ ಹತ್ರ ಇದ್ಯಲ್ಲ ಅನ್ನೋ ವಾದ ಅರಣ್ಯ ಇಲಾಖೆಯವರ ಮುಂದೆ ನಡೆಯಲ್ಲ. ಅದನ್ನು ಹಿಡ್ಕೊಂಡು ರೀಲ್ಸ್ ಬೇರೆ ಹಾಕಿದ್ರೆ ಸಾಕ್ಷಿಯನ್ನೂ ನೀವೇ ಕೊಟ್ಟಂಗಾಯ್ತು.

ಹಾಗಾದ್ರೆ ಸಿಕ್ಕ ಮರಿಗಳನ್ನ ಏನ್ಮಾಡೋದು? ಪೊಟರೆ ಇರುವ ತುಂಡನ್ನೇ ಕೊಯ್ದು, ಮರಿ ಒಳಗಿಟ್ಟು, ಪಕ್ಕದ ಮರಕ್ಕೆ ಎತ್ತರದಲ್ಲಿ ಬಿಗಿಯಾಗಿ ಕಟ್ಟಿ ದೂರ ಬನ್ನಿ. ದೊಡ್ಡ ಗಿಳಿಗಳು ಅಲ್ಲೇ ಕೂಗ್ತಾ ಸುತ್ತುತ್ತಿದ್ರೆ ಬಂದು ಗುಟುಕು ಕೊಡುವ ಸಾಧ್ಯತೆ ಇರುತ್ತೆ. ಸಂಜೆವರೆಗೂ ಬರಲಿಲ್ಲ ಅಂದ್ರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಕಡಿಯುವ ಮುಂಚೆಯೇ ಪೊಟರೆ ನೋಡಿದ್ರೆ ಇನ್ನೂ ಒಳ್ಳೇದು. ಮೊಟ್ಟೆಯೊಡೆದು ಸುಮಾರು ಏಳು ವಾರಕ್ಕೆ ಮರಿಗಳು ಹಾರಿಹೋಗ್ತವೆ. ಕೆಂಪು ಮೂತಿ ಹುಳು ಬಿದ್ದ ಮರ ನಿಲ್ಲಿಸಿಕೊಂಡ್ರೆ ತೋಟಕ್ಕೆ ಹರಡಲ್ವಾ ಅಂತ ಕೇಳ್ತೀರ. ಸರಿಯಾದ ಪ್ರಶ್ನೆ. ಆದ್ರೆ ಗಿಳಿ ಗೂಡು ಮಾಡೋದು ಹೆಚ್ಚಾಗಿ ಸತ್ತು ಬಹಳ ಕಾಲವಾದ ಬೋಳು ಮರದಲ್ಲಿ. ಅಷ್ಟೊತ್ತಿಗೆ ಹುಳು ಬೇರೆ ಕಡೆ ಹೋಗಿರುತ್ತೆ. ಏಳು ವಾರ ಕಾದ್ರೆ ನಷ್ಟ ಏನಿಲ್ಲ.

ಮನೇಲಿ ಮಕ್ಕಳಿಗೆ ಗಿಳಿ ಬೇಕೇ ಬೇಕು ಅನ್ನೋರಿಗೆ ಬಜ್ರಿಗಾರ್, ಕಾಕಟೀಲ್ ಇವೆ. ನಮ್ಮ ಕಡೆ ಲವ್ ಬರ್ಡ್ಸ್ ಅಂತ ಮಾರುವ ಪುಟ್ಟ ಹಕ್ಕಿ ಹೆಚ್ಚಿನ ಸಲ ಬಜ್ರಿಗಾರೇ. ಎರಡೂ ಆಸ್ಟ್ರೇಲಿಯಾ ಮೂಲದವು, ತಲೆಮಾರುಗಳಿಂದ ಪಂಜರದಲ್ಲೇ ಮರಿಯಾಗುತ್ತಾ ಬಂದವು. ಸನ್ ಕನ್ಯೂರ್, ಮಕಾವ್ ಥರದವಕ್ಕೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಅಂಗಡಿಯವರು "ಏನೂ ಬೇಡ ಸಾರ್" ಅಂದ ತಕ್ಷಣ ದುಡ್ಡು ಎಣಿಸಬೇಡಿ. ಕಾಕಟೀಲ್ ಚೆನ್ನಾಗಿ ನೋಡಿಕೊಂಡ್ರೆ 15 ವರ್ಷ ಬದುಕುತ್ತೆ, ಅದನ್ನೂ ಲೆಕ್ಕ ಹಾಕಿ. ನಮ್ಮನೇಲಿ ಒಂದು ಜೋಡಿ ಇದೆ. ಸುಗ್ಗಿ ಸಮಯದಲ್ಲೂ ಅವಕ್ಕೆ ದಿನಾ ಅರ್ಧ ಗಂಟೆ ಬೇಕೇ ಬೇಕು.

ಈಗ ಪಂಜರ. ಹಕ್ಕಿ ಅಡ್ಡಡ್ಡ ಹಾರುತ್ತೆ, ಲಿಫ್ಟಿನ ಥರ ಮೇಲೆ ಕೆಳಗೆ ಹೋಗಲ್ಲ. ಹಾಗಾಗಿ ಎತ್ತರಕ್ಕಿಂತ ಉದ್ದ ಮುಖ್ಯ. ಗೋಪುರದ ಥರದ ದುಂಡು ಪಂಜರ ನೋಡೋಕೆ ಚೆಂದ, ಹಕ್ಕಿಗೆ ಪ್ರಯೋಜನ ಇಲ್ಲ. ಜೋಡಿಗೆ 3 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಇರಲಿ. ಮೆಶ್ ಕಿಂಡಿ ಅರ್ಧ ಇಂಚು. ಅದಕ್ಕಿಂತ ದೊಡ್ಡದಾದ್ರೆ ಬಜ್ರಿಗಾರ್ ತಲೆ ಸಿಕ್ಕಿಸಿಕೊಳ್ಳುತ್ತೆ, ಇಲಿಯೂ ಒಳಗೆ ಬರುತ್ತೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ರೆ ಜಿಐ ಮೆಶ್ ಹಾಕ್ತಾರೆ. ಹೊಸ ಮೆಶ್ ಮೇಲಿರುವ ಸತುವಿನ ಪುಡಿ, ಗಂಟುಗಳನ್ನು ಹಕ್ಕಿ ಕೊಕ್ಕಿನಲ್ಲಿ ಕಿತ್ತು ನುಂಗಿದ್ರೆ ವಿಷ. ವಿನೆಗರ್ ಹಾಕಿ ತಂತಿ ಬ್ರಷ್‌ನಲ್ಲಿ ಉಜ್ಜಿ, ತೊಳೆದು, ಬಿಸಿಲಲ್ಲಿ ಒಣಗಿಸಿದ ಮೇಲೇ ಬಳಸಿ. ಪೇಂಟ್ ಬೇಡ.

ಕೂರೋಕೆ ಪ್ಲಾಸ್ಟಿಕ್ ಕಡ್ಡಿ ಬಿಸಾಕಿ. ದಿನವಿಡೀ ಒಂದೇ ದಪ್ಪದ ನುಣುಪು ಕಡ್ಡಿ ಹಿಡಿದ್ರೆ ಅಂಗಾಲು ಹುಣ್ಣಾಗುತ್ತೆ. ಸೀಬೆ ಅಥವಾ ಬೇವಿನ ಕೊಂಬೆ, ಒಂದು ತೆಳ್ಳಗೆ ಒಂದು ದಪ್ಪ, ತೊಗಟೆ ಸಮೇತ ಹಾಕಿ. ಔಷಧಿ ಹೊಡೆದ ದಾಳಿಂಬೆ ಕೊಂಬೆ ಬೇಡ, ಕಣಗಿಲೆ ಅಂತೂ ಬೇಡವೇ ಬೇಡ. ಕೊಂಬೆಯ ನೇರ ಕೆಳಗೆ ನೀರಿನ ಬಟ್ಟಲು ಇಡಬೇಡಿ, ಹಿಕ್ಕೆ ಬೀಳುತ್ತೆ. ತಳಕ್ಕೆ ಹಳೇ ಪೇಪರ್ ಹಾಸಿ ದಿನಾ ಬದಲಿಸಿ. ಭತ್ತದ ಹೊಟ್ಟು ಹಾಕಿದ್ರೆ ಬೂಷ್ಟು ಬಂದು ಶ್ವಾಸಕೋಶಕ್ಕೆ ತೊಂದರೆ. ಒಣಗಿದ ಹಿಕ್ಕೆಯ ಧೂಳು ನಮಗೂ ಒಳ್ಳೇದಲ್ಲ, ನೀರು ಚಿಮುಕಿಸಿ ಕ್ಲೀನ್ ಮಾಡಿ.

ಜಗಲಿಯಲ್ಲಿ ಒಂದು ಬದಿ ಗೋಡೆ ಇರುವ, ನೇರ ಬಿಸಿಲು ಬೀಳದ ಜಾಗ ನೋಡಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ರೆ ಇರುವೆ ಹತ್ತಲ್ಲ. ಸೂರಿನ ತೊಲೆಗೆ, ಬಳ್ಳಿಗೆ ತಾಗಿಸಬೇಡಿ, ಕೇರೆಹಾವು ಅಲ್ಲಿಂದಲೇ ಇಳಿಯೋದು. ಅಡುಗೆಮನೆ ಪಕ್ಕ ಬೇಡ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದಾಗ ಬರುವ ಹೊಗೆ ನಮಗೆ ಗೊತ್ತೂ ಆಗಲ್ಲ, ಹಕ್ಕಿ ಮಾತ್ರ ನಿಮಿಷಗಳಲ್ಲಿ ಸಾಯುತ್ತೆ.

ಪೇಟೆ ಮನೆಗಳಲ್ಲಿ ಇಲ್ಲದ, ರೈತರ ಮನೇಲಿ ಮಾತ್ರ ಇರುವ ಅಪಾಯ ಬಿತ್ತನೆ ಬೀಜ. ಬಿತ್ತಿ ಉಳಿದ ಮೆಕ್ಕೆಜೋಳ, ಸೂರ್ಯಕಾಂತಿ, ಸಜ್ಜೆ ಗೋದಾಮಿನ ಮೂಲೆಯಲ್ಲಿ ಇರುತ್ತೆ. ಗುಲಾಬಿ, ಕೆಂಪು, ಹಸಿರು, ನೀಲಿ ಬಣ್ಣ ಇದ್ರೆ ಅದು ಶಿಲೀಂಧ್ರನಾಶಕ, ಕೀಟನಾಶಕದ ಲೇಪನ. ತೊಳೆದ್ರೂ ಅದು ಆಹಾರ ಆಗಲ್ಲ. ಅದರ ಖಾಲಿ ಚೀಲದಲ್ಲಿ ಬೇರೆ ಕಾಳು ತುಂಬಿಟ್ಟು ಹಾಕೋದೂ ಬೇಡ. ಮಕ್ಕಳಿಗೂ ಮನೆ ಹಿರಿಯರಿಗೂ ಚೀಲ ತೋರಿಸಿ ಹೇಳಿ, ಯಾಕಂದ್ರೆ ಕಾಳು ಹಾಕೋದು ಹೆಚ್ಚಾಗಿ ಅವರೇ. ಪಕ್ಕದ ತೋಟದವರು ಔಷಧಿ ಹೊಡೆಯುವ ದಿನ ಮುಂಚೆನೇ ಫೋನ್ ಮಾಡೋಕೆ ಹೇಳಿ. ನಾವು ಸಾವಯವ ಆದ್ರೂ ಗಾಳಿಗೆ ಬೇಲಿ ಇಲ್ಲ. ಆ ದಿನ ಪಂಜರ ಒಳಗಿರಲಿ, ಕಿಟಕಿ ಮುಚ್ಚಿರಲಿ.

ಮೇವಿಗೆ ನವಣೆ, ಬರಗು, ಸಾಮೆ ನಮ್ಮ ಹೊಲದಲ್ಲೇ ಇದೆ. ಜೊತೆಗೆ ತೊಳೆದ ನುಗ್ಗೆ ಸೊಪ್ಪು, ಕೊತ್ತಂಬರಿ ಕೊಡಿ. ಸೂರ್ಯಕಾಂತಿ ಕಡಿಮೆ ಇರಲಿ, ಕೊಬ್ಬು ಜಾಸ್ತಿ. ಬೆಣ್ಣೆಹಣ್ಣು, ಚಾಕೊಲೇಟ್, ಉಪ್ಪಿನ ತಿಂಡಿ ಬೇಡ.

ತಂದ ಮೊದಲ ವಾರ ಅಂಗಡಿಯಲ್ಲಿ ಹಾಕ್ತಿದ್ದ ಕಾಳೇ ಹಾಕಿ, ಆಮೇಲೆ ನಿಧಾನಕ್ಕೆ ಬದಲಿಸಿ. ಪಂಜರದ ಮೂರು ಬದಿಗೆ ಹತ್ತಿ ಬಟ್ಟೆ ಹೊದಿಸಿ, ರಾತ್ರಿ 10–12 ಗಂಟೆ ಕತ್ತಲೆ ಬಿಡಿ. ಕೈ ಹಾಕಿ ಹಿಡಿಯೋಕೆ ಹೋಗಬೇಡಿ, ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡ್ತಿರಿ, ಅಷ್ಟೇ. ನಾಲ್ಕೈದು ದಿನ ಆದ್ಮೇಲೆ ಒಂದು ಇಡೀ ನವಣೆ ತೆನೆಯನ್ನು ಕಿಂಡಿಯಲ್ಲಿ ತೂರಿಸಿ, ಈಚೆ ತುದಿ ಹಿಡ್ಕೊಂಡು ಕೂರಿ. ಕೈ ನೋಯೋಕೆ ಶುರುವಾಗುತ್ತೆ, ಆದ್ರೂ ಅಲ್ಲಾಡಿಸಬೇಡಿ. ಮೊದಲ ದಿನ ಬರಲಿಲ್ಲ ಅಂದ್ರೆ ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಹಿಡೀರಿ.