ಕೆಡವಿದ ಕಟ್ಟಡವೂ ದಾಸ್ತಾನೇ

ಹಳೆಯ ಬಡಾವಣೆಗಳ ಪುನರುಜ್ಜೀವನವು ಬಹುಪಾಲು ಕೆಡವುವುದರಿಂದಲೇ ಆರಂಭವಾಗುತ್ತದೆ. ಆ ಅವಶೇಷವನ್ನು ಲೆಕ್ಕಪುಸ್ತಕದಲ್ಲಿ ಸಾಗಣೆ ವೆಚ್ಚವೆಂದಷ್ಟೇ ಕಾಣುತ್ತೇವೆ. ವಾಸ್ತವದಲ್ಲಿ ಅದು ಕಚ್ಚಾ ಸಾಮಗ್ರಿ. ದೆಹಲಿಯ ಬುರಾರಿಯಲ್ಲಿ 2009ರಲ್ಲಿ ಆರಂಭವಾದ ಘಟಕವು ಇಂಥ ಅವಶೇಷದಿಂದಲೇ ನೆಲಹಾಸಿನ ಬ್ಲಾಕುಗಳನ್ನು ತಯಾರಿಸಿ ತೋರಿಸಿತು. ಭಾರತೀಯ ಮಾನಕ 383ರ 2016ರ ಪರಿಷ್ಕರಣೆಯು ಒಡೆದ ಕಾಂಕ್ರೀಟಿನ ಜಲ್ಲಿಯನ್ನು ಕಬ್ಬಿಣರಹಿತ ಕಾಂಕ್ರೀಟಿನಲ್ಲಿ ಶೇ. 25ರವರೆಗೆ, ಎಂ 25 ದರ್ಜೆಯವರೆಗಿನ ಕಬ್ಬಿಣಸಹಿತ ಕಾಂಕ್ರೀಟಿನಲ್ಲಿ ಶೇ. 20ರವರೆಗೆ ಬಳಸಲು ಅವಕಾಶ ನೀಡಿದೆ.

2025ರಲ್ಲಿ ಪ್ರಕಟವಾದ ಕೇಂದ್ರ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ, 20,000 ಚದರ ಮೀಟರ್ ಅಥವಾ ಅದಕ್ಕೂ ಹೆಚ್ಚಿನ ವಿಸ್ತೀರ್ಣದ ನಿರ್ಮಾಣಗಳ ಮೇಲೆ ಮರುಬಳಕೆಯ ಹೊಣೆಯನ್ನು ಹೊರಿಸಿವೆ. ಸಣ್ಣ ಬ್ಲಾಕ್ ತಯಾರಕರಿಗೆ ಇದೊಂದು ಅವಕಾಶ. ಆದರೆ ಮಣ್ಣು, ಮರ, ಪ್ಲಾಸ್ಟಿಕ್ ಬೆರೆತರೆ ಜಲ್ಲಿಯ ಬೆಲೆ ಕುಸಿಯುತ್ತದೆ. ಆದುದರಿಂದ ಸ್ಥಳದಲ್ಲಿಯೇ ವಿಂಗಡಿಸುವ ಷರತ್ತನ್ನೂ ತೂಕದ ಚೀಟಿಯನ್ನೂ ಕೆಡವುವ ಕರಾರಿನಲ್ಲಿಯೇ ಸೇರಿಸಿಕೊಳ್ಳುವುದು ಸದಸ್ಯರಿಗೆ ಹಿತಕರ.