ಶಾಸನಗಳ ಛಾಯಾಚಿತ್ರ: ಫಿಲ್ಮಿನಿಂದ ರಾ ಕಡತಕ್ಕೆ

ಪುಣೆಯಲ್ಲಿ ನೆಲೆಸಿದ ಕನ್ನಡಿಗನಿಗೆ ಕನ್ನಡ ಶಾಸನಗಳನ್ನು ಕಾಣಬೇಕೆಂಬ ಹಂಬಲವಿದ್ದರೆ ಬಹುದೂರ ಹೋಗಬೇಕಾದುದಿಲ್ಲ. ಸೊಲ್ಲಾಪುರವು ಸುಮಾರು 250 ಕಿಲೋಮೀಟರಿನ ಹಾದಿ. ಆ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಹಾಗೂ ಆನಂದ ಕುಂಭಾರ ಅವರು 1988ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ್ದಾರೆ. ಗ್ರಂಥವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ನಿಂತು ಚಿತ್ರ ತೆಗೆಯುವ ಚಪಲ ನನ್ನಂಥ ಕೆಲವರಿಗೆ ಉಂಟು.

ಬಹುಕಾಲ ನಾನು ಕಪ್ಪುಬಿಳುಪಿನ ಫಿಲ್ಮನ್ನೇ ಬಳಸಿ, ನೆಗೆಟಿವನ್ನು ಸ್ಕ್ಯಾನರಿಗೆ ಕೊಟ್ಟು ಗಣಕಕ್ಕೆ ಇಳಿಸುತ್ತಿದ್ದೆನು. ಸ್ಕ್ಯಾನರು ನೋಡುವುದು ಕಲ್ಲನ್ನಲ್ಲ, ಕಲ್ಲಿನ ಚಿತ್ರವನ್ನು. ಬೆಳ್ಳಿಯ ಕಣ, ಧೂಳು, ಗೀರು, ನಮ್ಮೂರ ಮಳೆಗಾಲದ ಬೂಷ್ಟು ಎಲ್ಲವನ್ನೂ ಅದು ಸಮಾನ ಶ್ರದ್ಧೆಯಿಂದ ದಾಖಲಿಸುತ್ತದೆ. ಒಮ್ಮೆ ಇಂಥದೊಂದು ಧೂಳಿನ ಚುಕ್ಕೆಯನ್ನು ಅನುಸ್ವಾರವೆಂದು ಓದಿ, ಒಂದು ಹೆಸರಿನ ರೂಪವನ್ನೇ ತಿದ್ದಲು ಹೊರಟಿದ್ದೆನು. ಕಲ್ಲನ್ನು ಮತ್ತೆ ನೋಡಿದಾಗ ಅಲ್ಲಿ ಚುಕ್ಕೆಯೇ ಇರಲಿಲ್ಲ! ಅಂದಿನಿಂದ ಮಾರ್ಗವನ್ನು ಬದಲಿಸಿದೆನು.

ಡಿಜಿಟಲ್ ಕ್ಯಾಮೆರಾದ ಸಂವೇದಕವು ತನ್ನ ಮೇಲೆ ಬಿದ್ದ ಬೆಳಕನ್ನು ಬಿಂದುಬಿಂದುವಾಗಿ ಅಳೆಯುತ್ತದೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟು ದೊರೆತ ವ್ಯವಸ್ಥೆಯಂತೆ, ಅರ್ಧದಷ್ಟು ಬಿಂದುಗಳ ಮೇಲೆ ಹಸುರು, ಉಳಿದವುಗಳ ಮೇಲೆ ಕೆಂಪು ಮತ್ತು ನೀಲಿ ಸೋಸುಗಳಿರುತ್ತವೆ. ಈ ಅಳತೆಗಳನ್ನು ಚಿತ್ರವಾಗಿ ಬೇಯಿಸದೆ ಹಸಿಯಾಗಿಯೇ ಇರಿಸಿದರೆ ಅದು ರಾ ಕಡತ. ಜೇಪೆಗ್ ಕಡತದಲ್ಲಿ ಒಂದೊಂದು ಬಣ್ಣಕ್ಕೆ 256 ಮಟ್ಟಗಳು ಮಾತ್ರ. 14 ಬಿಟ್ಟಿನ ರಾ ಕಡತದಲ್ಲಿ 16,384. ಸವೆದ ಅಕ್ಷರವನ್ನು ಓದಲು ನಾವು ಬೆಳಕನ್ನು ಪಕ್ಕದಿಂದ ಓರೆಯಾಗಿ ಬೀಳಿಸುತ್ತೇವಷ್ಟೆ. ಆಗ ಗೆರೆಯ ಒಳಮೈ ನೆರಳಿನಲ್ಲಿ ಅಡಗುತ್ತದೆ. ಆ ನೆರಳನ್ನು ಎತ್ತಿ ನೋಡಿದಾಗ ಜೇಪೆಗ್ ಒಡೆದು ಮಸಿಯಾಗುವಲ್ಲಿ ರಾ ಕಡತವು ಒತ್ತಕ್ಷರದ ಬಾಲವನ್ನು ಬಿಟ್ಟುಕೊಡುತ್ತದೆ.

ಫಿಲ್ಮಿನ ಅಭ್ಯಾಸವುಳ್ಳವರು ಇಲ್ಲಿ ಎಚ್ಚರ ವಹಿಸತಕ್ಕದ್ದು. ನೆಗೆಟಿವಿಗೆ ಬೆಳಕು ತುಸು ಹೆಚ್ಚಾದರೆ ಬಾಧಕವಿಲ್ಲ, ಕಡಮೆಯಾದರೆ ಕೆಡುಕು. ಆದುದರಿಂದ ನಾವು ಧಾರಾಳಿಗಳಾಗಿದ್ದೆವು. ಸಂವೇದಕದಲ್ಲಿ ತುಂಬಿ ತುಳುಕಿದ ಬಿಂದುವು ಬರಿಯ ಬಿಳಿ; ಅದರಿಂದ ಏನನ್ನೂ ಮರಳಿ ಪಡೆಯಲಾಗದು. ಬಿಸಿಲಿಗೆ ಹೊಳೆಯುವ ಕಲ್ಲಿನ ಅಂಚನ್ನು ಕಾಪಾಡಿಕೊಂಡು, ಉಳಿದುದನ್ನು ನೆರಳಿಗೆ ಬಿಡುವುದೇ ಲೇಸು. ನನ್ನ ಮೊದಲ ನೂರು ಚಿತ್ರಗಳು ಈ ಪಾಠದ ಶುಲ್ಕವಾದವು.

ಇನ್ನು ಸಂರಕ್ಷಣೆಯ ಮಾತು. ಹಲವು ಕ್ಯಾಮೆರಾ ಸಂಸ್ಥೆಗಳು ತಮ್ಮತಮ್ಮದೇ ರಾ ರೂಪವನ್ನು ಮಾಡಿಕೊಂಡಿವೆ. ಆದುದರಿಂದ 2004ರಲ್ಲಿ ಅಡೋಬ್ ಸಂಸ್ಥೆಯು ಪ್ರಕಟಿಸಿದ ಡಿಎನ್‌ಜಿ ರೂಪದಲ್ಲೊಂದು ಪ್ರತಿಯನ್ನೂ, ಬೇರೆ ಬೇರೆ ಮನೆಗಳಲ್ಲಿ ಎರಡು ಡಿಸ್ಕುಗಳನ್ನೂ ಇರಿಸಿಕೊಂಡಿದ್ದೇನೆ. ಒಂದೇ ಕಡೆ ಇಟ್ಟುದರ ಗತಿಯೇನೆಂಬುದು, 2003ರ ಜನವರಿಯಲ್ಲಿ ನೈಟ್ರೇಟ್ ಫಿಲ್ಮಿನ ಸುರುಳಿಗಳು ಸುಟ್ಟುಹೋದುದನ್ನು ಕಂಡ ಪುಣೆಯವರಿಗೆ ತಿಳಿಯದ್ದಲ್ಲ.

ಹಳೆಯ ನೆಗೆಟಿವುಗಳನ್ನು ಮಾತ್ರ ನಾನು ಎಸೆದಿಲ್ಲ. ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಹಂಪೆಯಲ್ಲಿ ಮೇಣದ ಕಾಗದದ ಮೇಲೆ ಮೂಡಿಸಿದ ನೆಗೆಟಿವುಗಳು ಉಳಿದುದರಿಂದಲೇ, 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಅವರು ಅವೇ ನೆಲೆಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆಯಲು ಸಾಧ್ಯವಾಯಿತು. ಅವುಗಳನ್ನು ನೋಡಲು ಕಿಟಕಿಯ ಬೆಳಕೊಂದು ಸಾಕಿತ್ತು.